ಸ್ಲೋ ನಿಲ್ಲದ ಕಾರು

ಆ ಗುರುವಾರ ಬೆಳಗ್ಗೆ ನಾನು ಎಂದಿನಂತೆ ಐದೂವರೆಗೆ ಎದ್ದೆ. ನಲ್ಲಿ ತಿರುಗಿಸಿ ನೋಡಿದೆ. ಗೊರ್ ಎಂದು ಗಾಳಿ ಬಂತೇ ಹೊರತು ನೀರು ಬರಲಿಲ್ಲ. ಹಿಂದಿನ ದಿನ ತುಂಬಿಟ್ಟಿದ್ದರಲ್ಲೇ ಎರಡು ಬಿಂದಿಗೆ ತೆಗೆದುಕೊಂಡು, ಹಾಲು ಕಾಯಲಿಟ್ಟು, ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿದೆ. ಸೋಮವಾರ, ಗುರುವಾರ ನಮ್ಮ ಮನೆಯಲ್ಲಿ ಮಂಡಕ್ಕಿ ಒಗ್ಗರಣೆಯೇ. ಬೇಗ ಆಗುತ್ತದೆ, ಡಬ್ಬಿಯಲ್ಲಿ ಒಯ್ದರೂ ಕೆಡುವುದಿಲ್ಲ. ಅದು ಮುಗಿದ ಮೇಲೆ ಇವರ ಬೂಟುಗಳನ್ನು ಒರೆಸಿ ಬಾಗಿಲ ಬಳಿ ಇಟ್ಟೆ. ಎಡಗಾಲಿನ ಬೂಟಿನ ಅಟ್ಟೆ ಬಲಗಾಲಿನದಕ್ಕಿಂತ ಎರಡು ಬೆರಳು ದಪ್ಪ. ಮದುವೆಯಾದ ಹೊಸದರಲ್ಲಿ ಆ ಬೂಟನ್ನು ಎತ್ತುವಾಗ ಅದರ ಭಾರಕ್ಕೆ ಕೈ ಒಂದು ಕ್ಷಣ ತಡೆಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಇವರೆಂದರೆ ನಮ್ಮ ಯಜಮಾನರು, ಚಳ್ಳಕೆರೆಯಲ್ಲಿ ಹಲ್ಲಿನ ಡಾಕ್ಟರು. ಮೂರನೇ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿದೆ. ವಾರಕ್ಕೆರಡು ದಿನ ಮೊಳಕಾಲ್ಮೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಅಲ್ಲಿಯವರ ಹಲ್ಲು ನೋಡುತ್ತಿದ್ದರು. ಆ ಗುರುವಾರವೇ ಕೊನೆ ಎಂದು ಇವರು ತೀರ್ಮಾನ ಮಾಡಿಯಾಗಿತ್ತು. ಹೋಗಿ, ಕೋಣೆಯ ಯಜಮಾನಿಗೆ ಬೀಗದ ಕೈ ಕೊಟ್ಟು, ಕುರ್ಚಿ ಸಾಮಾನು ತರಲು ದಿನ ಗೊತ್ತು ಮಾಡಿ ಬರುವುದು. ಅದಕ್ಕೇ ಮಂಡಕ್ಕಿಗೆ ಕೈ ಅಳತೆ ತಪ್ಪಿ ಉಪ್ಪು ಎರಡು ಸಲ ಬಿದ್ದಿತ್ತು.

ನಾನು ಕಾರಿನ ಬಾಗಿಲು ತೆಗೆದಾಗ ಪಕ್ಕದ ಮನೆಯ ತಿಪ್ಪಮ್ಮಕ್ಕ ಕಟ್ಟೆಯ ಮೇಲೆ ಶೇಂಗಾ ಹಸನು ಮಾಡುತ್ತ ಕೂತಿದ್ದರು. "ಹೊಂಟ್ರಾ? ತಡೀರಿ ತಡೀರಿ, ನಿಮ್ ಗಾಡಿ ಅರಚೋದ್ರೊಳಗೆ ಮೊಮ್ಮಗನ ಕಿವೀಗೆ ಹತ್ತಿ ಇಟ್ ಬರ್ತೀನಿ" ಎಂದರು. ಅವರ ಬಾಯಿ ಹಾಗೆ, ಮನಸ್ಸಿನಲ್ಲಿ ಏನೂ ಇಲ್ಲ. ನಾನು ನಕ್ಕೆ. ಇವರು ನಗಲಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ನಿನ್ನೆ ಹೊಲಿಗೆ ಡಬ್ಬಿಯಲ್ಲಿ ಒಂದು ಬಿಳಿ ಗುಂಡಿ ಹುಡುಕುತ್ತಿದ್ದೆ. ತಳದಲ್ಲಿ ಗೇಣುದ್ದದ ಒಂದು ಕಬ್ಬಿಣದ ಕೇಬಲ್ಲು ಕೈಗೆ ಸಿಕ್ಕಿತು. ಹೊಲಿಗೆ ಡಬ್ಬಿಯಲ್ಲಿ ಕಾರಿನ ಕೇಬಲ್ಲಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಕಾರಿನ ವಿಷಯ ಹೇಳಬೇಕು.

ಆ ಕಾರಿಗೆ ಎರಡೇ ಪೆಡಲು. ಬ್ರೇಕು, ಆಕ್ಸಿಲೇಟರು. ಗೇರನ್ನು ತಾನೇ ಹಾಕಿಕೊಳ್ಳುವ ಆಟೋಮ್ಯಾಟಿಕ್ ಕಾರು. ಆಗ ಇಡೀ ತಾಲ್ಲೂಕಿನಲ್ಲಿ ಇನ್ನೊಂದು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಬೆಂಗಳೂರಿನಲ್ಲಿ ಯಾರೋ ಮಾರುತ್ತಿದ್ದಾರೆಂದು ತಿಳಿದು ಇವರು ತಂದರು. ಎಡಗಾಲಿಗೆ ಕೆಲಸವೇ ಇಲ್ಲದ ಕಾರು! ಅಲ್ಲಿಯವರೆಗೆ ಇವರದು ಬೇರೆಯವರ ಗಾಡಿಯ ಹಿಂದಿನ ಸೀಟು. ಅಪ್ಪನ ಸೈಕಲ್ಲಿನ ಹಿಂದೆ, ತಮ್ಮನ ಸ್ಕೂಟರಿನ ಹಿಂದೆ, ಬಾಡಿಗೆ ಕಾರಿನ ಹಿಂದೆ. ಬಸ್ಸಿನ ಮೆಟ್ಟಿಲು ಎತ್ತರ. ಹತ್ತಬೇಕಾದರೆ ಯಾರಾದರೂ ರಟ್ಟೆ ಹಿಡಿಯಬೇಕು, ಹಿಡಿದವರು ಅಯ್ಯೋ ಎನ್ನದೆ ಬಿಡುವುದಿಲ್ಲ. ಕಾರು ಬಂದು ಕೈ ಪಳಗಿದ ಮೇಲೆ ಒಂದು ಸಂಜೆ ಒಬ್ಬರೇ ತಳಕಿನವರೆಗೆ ಹೋಗಿ ಬಂದರು. ಎರಡು ಲೋಟ ನೀರು ಕುಡಿದು ಮತ್ತೆ ಹೋಗಿ ಬಂದರು.

ಇವರ ಬಲಗಾಲು ಬಹಳ ಬುದ್ಧಿವಂತ ಕಾಲು. ಹಲ್ಲು ಕೊರೆಯುವ ಯಂತ್ರದ ಪೆಡಲನ್ನು ಒತ್ತಿ ಒತ್ತಿ ಅದಕ್ಕೊಂದು ಹದ ಬಂದುಬಿಟ್ಟಿತ್ತು. ಯಂತ್ರದ ಸದ್ದು ಕೇಳಿಯೇ ಹಲ್ಲಿನ ಯಾವ ಪದರದಲ್ಲಿದ್ದೇನೆಂದು ಹೇಳುತ್ತಿದ್ದರು. ಕಾರೂ ಹಾಗೇ ಓಡಿಸಿದರು. ಏಳು ವರ್ಷ ಆ ಕಾರು ನಮ್ಮ ಓಣಿಗೆ ಬೆಕ್ಕಿನ ಹಾಗೆ ಬಂದು ನಿಲ್ಲುತ್ತಿತ್ತು.

ಆಮೇಲೆ ಒಂದು ದಿನ ಗೇಟಿನ ಮುಂದಿನ ನನ್ನ ರಂಗೋಲಿಯ ಮೇಲೆ ಕೆಂಪು ಎಣ್ಣೆಯ ತೊಟ್ಟು ಕಂಡಿತು. ವಾರದೊಳಗೆ ಗೇರ್ ಬಾಕ್ಸು ಕೈಕೊಟ್ಟಿತು. ದೊಡ್ಡ ಊರಿನ ವರ್ಕ್‌ಶಾಪಿನವರು ಅದರ ಸಾಮಾನು ಬರುವುದೇ ನಿಂತುಹೋಗಿದೆ ಎಂದರು. ನಮ್ಮ ಮೆಕ್ಯಾನಿಕ್ ಸೀನ ಗುಜರಿಯಿಂದ ಅದೇ ಜಾತಿಯ ಕಾರಿನ ಸಾದಾ ಗೇರ್ ಬಾಕ್ಸು ಹುಡುಕಿ ತಂದ. ಹತ್ತು ದಿನ ಕೂತು ಕೂರಿಸಿದ. ಕಾರು ಮನೆಗೆ ಬಂದಾಗ ಇವರು ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದ್ದು ನೆನಪಿದೆ. ಏಳು ವರ್ಷ ಎಡಗಾಲನ್ನು ಸುಮ್ಮನೆ ಚಾಚಿ ಇಡುತ್ತಿದ್ದ ಜಾಗದಲ್ಲಿ ಈಗ ಮೂರನೆಯ ಪೆಡಲು ಕೂತಿತ್ತು. ಕ್ಲಚ್ಚು.

ತೆಗೆದ ಹಳೆಯ ಬಾಕ್ಸನ್ನು ಇವರು ಗುಜರಿಗೆ ಹಾಕಗೊಡಲಿಲ್ಲ. ಗೋಣಿಚೀಲದಲ್ಲಿ ಸುತ್ತಿಸಿ ಬಚ್ಚಲಮನೆಯ ಪಕ್ಕ ಇಡಿಸಿದರು. ಮದರಾಸಿನ ಕಡೆ ಸಾಮಾನು ಸಿಕ್ಕರೂ ಸಿಗಬಹುದು ಎಂದರು. ಗಂಡಸರಿಗೆ ಕಬ್ಬಿಣದ ಮೇಲೆ ಇರುವ ಸಾಮಾನ್ಯ ಮೋಹ ಇದು ಎಂದುಕೊಂಡೆ. ಮಳೆ ಹನಿದಾಗ ಇವರು ಎದ್ದು ಹೋಗಿ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಬರುತ್ತಿದ್ದರು.

ಡ್ರೈವರ್ ಒಬ್ಬನನ್ನು ಇಟ್ಟುಕೊಳ್ಳಬಹುದಿತ್ತು; ಎರಡು ವಾರ ಇಟ್ಟುಕೊಂಡೆವು ಕೂಡ. ಇವರು ಅವನ ಹಿಂದೆ ಕೂತು ಮೊಳಕಾಲ್ಮೂರಿಗೆ ಹೋಗಿ ಬಂದ ದಿನ ಊಟದ ತಟ್ಟೆಯನ್ನೇ ನೋಡುತ್ತ ಊಟ ಮಾಡುತ್ತಿದ್ದರು. ನಾನೇ ಕಲಿಯುತ್ತೇನೆ ಎಂದೆ. ಆಗ ನನಗೆ ನಲವತ್ತು ದಾಟಿತ್ತು. ನೀವು ನಗಬಹುದು. ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಏಳು ವರ್ಷ ಇದ್ದವಳು ನಾನು. ಕುರ್ಚಿಯನ್ನು ಎಳೆಯಬಾರದು, ಎತ್ತಿ ಇಡಬೇಕು. ಬಾಗಿಲು ಹಾಕಿದ್ದು ಯಾರಿಗೂ ಗೊತ್ತಾಗಬಾರದು. ನಮ್ಮ ಸಿಸ್ಟರ್ ಒಬ್ಬರು ಕಣ್ಣು ಮುಚ್ಚಿಕೊಂಡು ನಿಂತು ನಮ್ಮನ್ನು ಒಬ್ಬೊಬ್ಬರನ್ನಾಗಿ ಕ್ಲಾಸಿನೊಳಗೆ ಬರಹೇಳುತ್ತಿದ್ದರು. ಯಾರ ಹೆಜ್ಜೆ ಕೇಳಿಸಿ ಅವರು ಹೆಸರು ಹೇಳುತ್ತಾರೋ ಆ ಹುಡುಗಿ ಹೊರಗೆ ಹೋಗಿ ಮತ್ತೆ ಬರಬೇಕು. ಅಷ್ಟು ವರ್ಷದಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಹಾರ್ನ್ ಒತ್ತಿ ಎಂದರೆ ನಾನು ಎಮ್ಮೆಗೂ ಬೇಜಾರಾದೀತೆಂದು ಅದರ ಹಿಂದೆಯೇ ನಿಧಾನವಾಗಿ ಹೋಗುತ್ತಿದ್ದೆ. ಇಂಥವಳ ಕೈಗೆ ಬಂದದ್ದು ಅರಚುವ ಕಾರು.

ಅದರ ಕಾಯಿಲೆ ಇಷ್ಟೇ. ಕಾಲು ಯಾವ ಪೆಡಲಿನ ಮೇಲೂ ಇಲ್ಲದೆ ಗಾಡಿ ನಿಂತಿರುವಾಗ ಎಂಜಿನ್ ಮೆಲ್ಲಗೆ ಉಸಿರಾಡುತ್ತಿರಬೇಕು. ಅದಕ್ಕೆ ಗ್ಯಾರೇಜಿನವರು ಸ್ಲೋ ಎನ್ನುತ್ತಾರೆ. ಗೇರ್ ಬಾಕ್ಸು ಬದಲಾದ ಮೇಲೆ ನಮ್ಮ ಕಾರಿಗೆ ಸ್ಲೋ ನಿಲ್ಲುತ್ತಲೇ ಇರಲಿಲ್ಲ. ಬೆಳಗ್ಗೆ ತಣ್ಣಗಿದ್ದಾಗ ನಿಲ್ಲಿಸಿದಲ್ಲೆಲ್ಲ ಆರಿಹೋಗುತ್ತದೆ. ಆರದಿರಲಿ ಎಂದು ತಿರುಪು ಸ್ವಲ್ಪ ಏರಿಸಿದರೆ ಬಿಸಿಯಾದ ಮೇಲೆ ಯಾರೋ ಒಳಗೆ ಕೂತು ತುಳಿದ ಹಾಗೆ ತಾನಾಗಿ ರೇಸ್ ಆಗುತ್ತದೆ. ಅದರಲ್ಲೂ ಕ್ಲಚ್ ಬಿಟ್ಟು ಹೊರಡುವ ಗಳಿಗೆಯಲ್ಲಿ ಮುಂದಕ್ಕೆ ಹಾರುತ್ತದೆ. ಸೀನ ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದ. ಇನ್ನೊಂದು ವಾರ, ಹಳೆಯ ಬಾಕ್ಸಿಗೆ ಹೋಗುತ್ತಿದ್ದ ಒಂದು ಸಣ್ಣ ರಬ್ಬರ್ ಪೈಪಿನ ಬಾಯಿ ತೆರೆದೇ ಉಳಿದು ಅಲ್ಲಿಂದ ಎಂಜಿನ್ ಗಾಳಿ ಎಳೆಯುತ್ತಿದೆಯೆಂದು ಕಂಡುಹಿಡಿದು ಅದಕ್ಕೊಂದು ಬೋಲ್ಟು ತುರುಕಿದ. ಆರಿಹೋಗುವುದು ಅರ್ಧ ಕಡಿಮೆಯಾಯಿತು. ಅರಚುವುದು ಹಾಗೇ ಉಳಿಯಿತು. ಆ ಡ್ರೈವರು ಹೊರಡುವಾಗಲೆಲ್ಲ ತಾನೇ ರೇಸ್ ಕೊಡುತ್ತಿದ್ದುದರಿಂದ ಅವನಿದ್ದಾಗ ಇದು ಯಾರಿಗೂ ಕಂಡಿರಲಿಲ್ಲ. ತಪ್ಪು ನನ್ನ ಕಾಲಿನದೇ ಇರಬೇಕೆಂದು ನಾನು ಅಡುಗೆಮನೆಯಲ್ಲಿ ನಿಂತಾಗಲೂ ಎಡಗಾಲನ್ನು ಮೆಲ್ಲಗೆ ಎತ್ತಿ ಇಳಿಸಿ ಅಭ್ಯಾಸ ಮಾಡುತ್ತಿದ್ದೆ. ಆರು ವಾರ ಹೀಗೇ ನಡೆಯಿತು.

ಆ ಗುರುವಾರದ ಹಿಂದಿನ ಸೋಮವಾರ ಬಿ.ಜಿ. ಕೆರೆಯ ಹತ್ತಿರ ಒಂದು ಕುರಿಹಿಂಡು ರಸ್ತೆ ದಾಟುತ್ತಿತ್ತು. ನಿಲ್ಲಿಸಿದೆ. ಹಿಂಡು ದಾಟಿತೆಂದು ಕ್ಲಚ್ ಬಿಡುತ್ತಿದ್ದಂತೆ ಹಿಂದೆ ಉಳಿದಿದ್ದ ಒಂದು ಮರಿ ಓಡಿ ಬಂತು, ಅದೇ ಗಳಿಗೆಗೆ ಕಾರು ಅರಚಿ ಮುಂದಕ್ಕೆ ಹಾರಿತು. ಬ್ರೇಕಿನ ಮೇಲೆ ನಿಂತುಬಿಟ್ಟೆ. ಬಂಪರಿಗೂ ಮರಿಗೂ ಒಂದು ಗೇಣು ಅಂತರ. ಕುರಿಯವನು ಬಂದು ಮರಿಯನ್ನು ಹೆಗಲ ಮೇಲೆ ಹಾಕಿಕೊಂಡ. ಬೈಯಲಿಲ್ಲ. ಕಿಟಕಿಯಲ್ಲಿ ಬಗ್ಗಿ ನನ್ನನ್ನು ನೋಡಿ, "ಏನವ್ವಾ, ನಿನ್ ಗಾಡಿ ಹಸ್ದೈತಾ?" ಎಂದ. ಆಮೇಲೆ ಪಕ್ಕದಲ್ಲಿ ಕೂತ ಇವರನ್ನು ನೋಡಿ, "ಗಟ್ಟಿಮುಟ್ಟಾಗಿ ಕುಂತಿದೀರಿ, ಹೆಣ್ಮಗಳ ಕೈಲಿ ಯಾಕ್ ಹೊಡಿಸ್ತೀರಿ ಯಜಮಾನ್ರೆ?" ಎಂದ. ಅವನಿಗೆ ಇವರ ಬೂಟು ಕಾಣುತ್ತಿರಲಿಲ್ಲ.

ಅಂದು ಸಂಜೆ ಇವರು ಕೈ ತೊಳೆಯುತ್ತ, ಕೋಣೆ ಬಿಟ್ಟುಬಿಡೋಣ ಎಂದರು. ಈ ಗುರುವಾರ ಹೋಗಿ ಹೇಳಿ ಬಂದರಾಯಿತು, ನಿನಗೂ ಕಷ್ಟ, ದಾರಿಯವರಿಗೂ ಕಷ್ಟ ಎಂದರು. ಆ ಕೋಣೆ ಹೋದರೆ ಇವರಿಗೆ ಉಳಿಯುವುದು ಚಳ್ಳಕೆರೆಯ ಮನೆ ಮತ್ತು ಮನೆಯ ಮುಂದಿನ ಕ್ಲಿನಿಕ್ಕು. ಹನ್ನೆರಡು ಹೆಜ್ಜೆ. ನಾನು ಎಣಿಸಿದ್ದೇನೆ.

ಗುರುವಾರ ಹೊರಡುವ ಮೊದಲು ಸೀನನ ಹತ್ತಿರ ಕೊನೆಯ ಸಲ ತೋರಿಸಿ ಹೋಗೋಣ ಎಂದು ನಾನೇ ಹಟ ಮಾಡಿದೆ. ಸೀನ ನನಗೆ ಹೊಸಬನಲ್ಲ. ನಮ್ಮ ತಂದೆ ಮೊಳಕಾಲ್ಮೂರಿನಲ್ಲಿ ಮೇಷ್ಟರಾಗಿದ್ದಾಗ ನಮ್ಮ ಪಕ್ಕದ್ದೇ ಅವರ ಮನೆ. ತೆಲುಗು ಮಾತಾಡುವ ನೇಕಾರರು. ಅವನ ತಾಯಿ ಸುಬ್ಬಮ್ಮನನ್ನು ನಾನೂ ತೆಲುಗಿನವರ ಹಾಗೆ ಅತ್ತಾ, ಅಂದರೆ ಅತ್ತೆ, ಎಂದೇ ಕರೆಯುತ್ತಿದ್ದೆ. ಹಾಸ್ಟೆಲಿಗೆ ರಜ ಬಂದಾಗಲೆಲ್ಲ ನಾನು ಅವರ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಸೀನನ ಅಪ್ಪ ಗುಂಡಿಯಲ್ಲಿ ಎರಡೂ ಕಾಲಿನಿಂದ ಮಗ್ಗದ ಕಾಲುಮಣೆ ಒತ್ತುತ್ತಿದ್ದರೆ ಇಡೀ ಮನೆಗೆ ಒಂದೇ ತಾಳ. ಆ ತಾಳದಲ್ಲೇ ನನಗೆ ನಿದ್ದೆ ಬರುತ್ತಿತ್ತು.

ಅತ್ತನ ಕೆಲಸ ಬೇರೆ. ಒಂದು ಹಾಸು, ಅಂದರೆ ಮಗ್ಗಕ್ಕೆ ಹೂಡಿದ ಉದ್ದನೆಯ ಎಳೆಗಳು, ನೇಯ್ದು ಮುಗಿದಾಗ ಸೀರೆಯನ್ನು ಕತ್ತರಿಸಿ ತೆಗೆದರೂ, ಮಗ್ಗದಲ್ಲಿ ಪೋಣಿಸಿದ ಹಳೆಯ ಎಳೆಗಳ ತುದಿಯನ್ನು ಹಾಗೇ ಬಿಡುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು ಅತ್ತ ಸಾವಿರಾರು ಎಳೆಗಳನ್ನು ಕೆಚ್ಚುತ್ತಿದ್ದರು. ಕೊನೆಯಲ್ಲಿ ಬೆರಳು ಒಂದು ಸಣ್ಣ ತಿರುವು ಕೊಡುತ್ತಿತ್ತು, ಎಡಕ್ಕೆ. ಹಳೆಯ ತುದಿಗಳನ್ನು ಎಂದೂ ಸಡಿಲ ಬಿಡಬಾರದು, ಸಿಕ್ಕಾಗುತ್ತವೆ, ಬಿಗಿಯಾಗಿಯೇ ಕಟ್ಟಿಡಬೇಕು. ಮಗ್ಗ ನಿಂತೇಹೋಯಿತೆಂದು ಮನೆಯವರು ಒಪ್ಪಿಕೊಂಡಾಗ ಮಾತ್ರ ಅವನ್ನು ಕತ್ತರಿಸುವುದು. ಸೀನನ ಅಪ್ಪ ತೀರಿಕೊಂಡ ಮೇಲೆ ಮಗ್ಗದಲ್ಲಿ ಕೂರುವವರು ಯಾರೂ ಇರಲಿಲ್ಲ. ದೊಡ್ಡವನು ಗಿರಣಿಗೆ ಸೇರಿದ, ಸೀನ ಸ್ಪಾನರ್ ಹಿಡಿದ. ಆದರೂ ಸುಬ್ಬಮ್ಮತ್ತ ಮೂರು ವರ್ಷ ಆ ತುದಿಗಳ ಧೂಳು ಒರೆಸುತ್ತ ಇದ್ದರು. ಕತ್ತರಿಸಿದ ದಿನ ಅಳಲಿಲ್ಲ, ಅವನ್ನು ದೇವರ ಗೂಡಿನಲ್ಲಿಟ್ಟು ಅಡುಗೆಗೆ ಒಲೆ ಹಚ್ಚಿದರು ಎಂದು ನಮ್ಮ ಅವ್ವ ಹೇಳಿದ್ದಳು.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಸೀನನ ಗ್ಯಾರೇಜು, ಬೇವಿನ ಮರದ ಕೆಳಗೆ. ಇವರು ಬೆಂಚಿನ ಮೇಲೆ ಕೂತರು, ಕೋಲನ್ನು ಮಂಡಿಯ ನಡುವೆ ಇಟ್ಟುಕೊಂಡು. ಸೀನ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಎಂಜಿನ್ ಚಾಲೂ ಮಾಡಿದ, ನಿಲ್ಲಿಸಿದ, ಕೈ ಒರೆಸಿಕೊಂಡ.

"ಅಕ್ಕಾ, ಒಂದು ಮಾತಂತೀನಿ, ಬ್ಯಾಸರ ಮಾಡ್ಕೋಬ್ಯಾಡ. ಗಾಡೀದೇನೂ ಇಲ್ಲ. ನಿನ್ ಕಾಲ್ದು. ಕ್ಲಚ್ ಬಿಡೋದ್ರಾಗೈತೆ."

ಬೆಂಚಿನಿಂದ ಇವರ ದನಿ ಬಂತು. "ಅವಳ ಕಾಲಿಗೇನೂ ಆಗಿಲ್ಲ ಸೀನಪ್ಪ. ಕಾಲಿನ ವಿಷಯ ನನಗೆ ಗೊತ್ತಿರೋಷ್ಟು ನಿನಗೆ ಗೊತ್ತಿಲ್ಲ."

ಸೀನ ಪೆಚ್ಚಾಗಿ, ಹಾಗಾದರೆ ತಾನೇ ಬಿಟ್ಟು ನೋಡುತ್ತೇನೆಂದು ಒಳಗೆ ಕೂತ. ಬಾನೆಟ್ ತೆರೆದೇ ಇತ್ತು, ನಾನು ಅದರ ಮುಂದೆ ಒಂದು ಪಕ್ಕಕ್ಕೆ ನಿಂತಿದ್ದೆ. ಅವನು ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟ. ಆರು ವಾರದಲ್ಲಿ ನಾನು ಕಾಣದೆ ಇದ್ದದ್ದು ಆಗ ಕಂಡಿತು. ಹೊರಡುವ ಗಳಿಗೆಯಲ್ಲಿ ನಾನು ಯಾವಾಗಲೂ ಒಳಗಿರುತ್ತಿದ್ದೆ, ಬಾನೆಟ್ ಮುಚ್ಚಿರುತ್ತಿತ್ತು. ಈಗ ಎಂಜಿನ್ನು, ಭಾರ ಎತ್ತುವ ಎತ್ತಿನ ಹಾಗೆ ಮೈ ವಾಲಿಸಿತು. ಅದು ವಾಲಿದ ಕೂಡಲೇ ಮೂಲೆಯಲ್ಲಿ ಒಂದು ಸಣ್ಣ ಕೇಬಲ್ಲು, ಒದ್ದೆ ಸೀರೆ ಹಾಕಿದ ತಂತಿಯ ಹಾಗೆ ಬಿಗಿದು ನಿಂತು ಕಾರ್ಬುರೇಟರಿನ ಕೈಯನ್ನು ಎಳೆಯಿತು. ಎಂಜಿನ್ ಅರಚಿತು. ಸೀನ ಕ್ಲಚ್ ಒತ್ತಿದ. ಎಂಜಿನ್ ನೆಟ್ಟಗಾಯಿತು, ಕೇಬಲ್ಲು ಸಡಿಲವಾಯಿತು.

ನಾನು ಬಗ್ಗಿ ನೋಡಿದೆ. ಆ ಕೇಬಲ್ಲಿನ ಇನ್ನೊಂದು ತುದಿ ಯಾವ ಯಂತ್ರಕ್ಕೂ ಹೋಗಿರಲಿಲ್ಲ. ಕಾರಿನ ಮೈಗೆ ಹೊಂದಿದ ಒಂದು ತಗಡಿನ ಕಿವಿಗೆ ಸಣ್ಣ ತಂತಿಯಿಂದ ಹೊಸೆದು ಕಟ್ಟಿತ್ತು. ಕೊನೆಯಲ್ಲಿ ಒಂದು ತಿರುವು. ಎಡಕ್ಕೆ.

"ಸೀನಾ, ಇಲ್ಲಿ ಬಾ. ಇದೇನು?"

"ಅದು ಹಳೇದಕ್ಕಾ. ಆಟೋಮ್ಯಾಟಿಕ್ ಬಾಕ್ಸಿಗೆ ಹೋಗ್ತಿತ್ತು. ಈಗ ಅದಕ್ಕೇನು ಕೆಲ್ಸ ಇಲ್ಲ."

"ಕೆಲಸ ಇಲ್ಲದ್ದು ಎಳೀತಾ ಇದೆಯಲ್ಲೋ."

ಸೀನ ಕೈಯಿಂದ ಎಂಜಿನ್ನನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ಅವನಿಗೆ ತಿಳಿಯಿತು. ಆದರೆ ಅವನು ನನ್ನನ್ನು ನೋಡಲಿಲ್ಲ, ಬೆಂಚಿನ ಕಡೆ ನೋಡಿದ. "ಡಾಕ್ಟ್ರು ಹೇಳಿದ್ರು" ಎಂದ, ದನಿ ತಗ್ಗಿಸಿ. "ಮುಂದೆ ಆ ಬಾಕ್ಸು ರಿಪೇರಿಯಾದ್ರೆ ಬೇಕಾಗ್ತೈತೆ, ಕತ್ತರಿಸ್ಬ್ಯಾಡ ಅಂದ್ರು. ಸಡ್ಲ ಬಿಡಬಾರ್ದು ಅಂತ ನಾನೇ ಬಿಗಿಯಾಗಿ ಕೆಚ್ಚಿದ್ದೆ. ಎಂಜಿನ್ ಆರಿಸಿದಾಗ ಏನೂ ಎಳೀತಿರ್ಲಿಲ್ಲಕ್ಕಾ."

ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಅದನ್ನು ಕಿತ್ತು ಬಿಸಾಡುತ್ತಿದ್ದ, ಇಲ್ಲವೇ ಸುರುಳಿ ಸುತ್ತಿ ತೂಗುಬಿಡುತ್ತಿದ್ದ. ಸುಬ್ಬಮ್ಮತ್ತನ ಮಗನ ಕೈಗೆ ಅದೆರಡೂ ಬರುವುದಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಆರು ವಾರ ನನ್ನ ಕಾಲನ್ನು ನಾನೇ ಬೈದುಕೊಂಡಿದ್ದೆ. ಆದರೆ ನನ್ನ ಕಣ್ಣಿಗೆ ಬಂದದ್ದು ಬಚ್ಚಲಮನೆಯ ಪಕ್ಕದ ಗೋಣಿಚೀಲ, ಮಳೆಯಲ್ಲಿ ಅದಕ್ಕೆ ಪ್ಲಾಸ್ಟಿಕ್ ಹೊದಿಸುತ್ತಿದ್ದ ಇವರು.

"ಸ್ವಲ್ಪ ಸಡಿಲ ಮಾಡಿ ಕಟ್ಟು ಸೀನಾ, ಸಾಕು" ಎಂದೆ. "ಕತ್ತರಿಸಬೇಡ."

ಇವರು ಎದ್ದು ಬಂದರು. ಬಾನೆಟ್ಟಿನ ಹತ್ತಿರ ಬಂದು ಕೋಲನ್ನು ನನ್ನ ಕೈಗೆ ಕೊಟ್ಟು, ಬಂಪರಿಗೆ ಸೊಂಟ ಆನಿಸಿ ನಿಂತು ಆ ಗಂಟನ್ನು ನೋಡಿದರು. ಎಕ್ಸ್‌ರೇ ಹಿಡಿದು ನೋಡುವಾಗಿನ ಮುಖ.

"ಹಲ್ಲು ಕಿತ್ತು ಬೇರು ಬಿಟ್ಟಿದ್ದೆ ಸೀನಪ್ಪ" ಎಂದರು. "ನಿನ್ನ ತಪ್ಪಲ್ಲ. ಆ ಸಣ್ಣ ಇಕ್ಕಳ ಕೊಡು, ನಾನೇ ತೆಗೀತೀನಿ."

ಗಂಟು ಬಿಗಿಯಾಗಿತ್ತು. ಇವರು ಅವಸರ ಮಾಡಲಿಲ್ಲ. ಒಂದೊಂದೇ ಸುತ್ತು ಬಿಚ್ಚಿದರು. ಕೊನೆಯ ತಿರುವಿಗೆ ಬಂದಾಗ ಕೈ ಒಂದು ಕ್ಷಣ ನಿಂತಿತು, ಆ ಬೂಟನ್ನು ಎತ್ತುವಾಗ ನನ್ನ ಕೈ ನಿಲ್ಲುತ್ತಿದ್ದ ಹಾಗೆ. ಆಮೇಲೆ ಕೇಬಲ್ಲು ಕಾರ್ಬುರೇಟರಿನಿಂದಲೂ ಕಳಚಿ ಇವರ ಅಂಗೈಗೆ ಬಂತು. ಬಿಸಾಡಲು ಮನಸ್ಸು ಬರದೆ, ಇಟ್ಟುಕೊಳ್ಳಲೂ ಬರದೆ ನಿಂತರು. ನಾನು ತೆಗೆದುಕೊಂಡು ನನ್ನ ಚೀಲದಲ್ಲಿ ಹಾಕಿಕೊಂಡೆ.

ಸೀನ ಎಂಜಿನ್ ಚಾಲೂ ಮಾಡಿ ತಿರುಪನ್ನು ಮೆಲ್ಲಗೆ ಇಳಿಸತೊಡಗಿದ. ಇವರು ತಲೆ ವಾಲಿಸಿ ಕೇಳುತ್ತಿದ್ದರು. ಸದ್ದು ಇಳಿಯುತ್ತ ಇಳಿಯುತ್ತ ಬಂತು. ಆರೀತೇನೋ ಎಂದು ನಾನು ಉಸಿರು ಹಿಡಿದೆ. "ಅಷ್ಟೇ" ಎಂದು ಇವರು ಅಂಗೈ ಎತ್ತಿದರು. "ಅಲ್ಲೇ ಬಿಡು." ಎಂಜಿನ್ ನಿಂತಿತು ಎನ್ನುವಷ್ಟು ಮೆಲ್ಲಗೆ, ನಿಲ್ಲದೆ, ಉಸಿರಾಡುತ್ತಿತ್ತು. ಮಗ್ಗದ ತಾಳದಲ್ಲಿ ನಿದ್ದೆ ಬರುತ್ತಿದ್ದ ಆ ಮಧ್ಯಾಹ್ನಗಳು ನನಗೆ ನೆನಪಾದವು.

ಹೊರಡುವ ಮುನ್ನ ಇವರು ಸೀನನಿಗೆ, ನಾಳೆ ಮನೆ ಕಡೆ ಬಾ, ಆ ಗೋಣಿಚೀಲದ್ದನ್ನೂ ಒಯ್ದುಬಿಡು ಎಂದರು. ಸೀನ ತಲೆಯಾಡಿಸಿದ.

ತಳಕು ದಾಟಿತು, ಬಿ.ಜಿ. ಕೆರೆ ಬಂತು. ಅಲ್ಲಿ ನಿಲ್ಲಿಸಿ ಒಂದು ಲಾರಿಗೆ ದಾರಿ ಬಿಟ್ಟೆ. ಕಾರು ಆರಲಿಲ್ಲ, ಅರಚಲಿಲ್ಲ, ಹಾರಲಿಲ್ಲ. ಆರು ವಾರ ನನ್ನ ಪಾದಗಳಿಂದ ಕಣ್ಣು ಕೀಳದೆ ಕೂರುತ್ತಿದ್ದ ಇವರು ಹಾನಗಲ್ ಹಳ್ಳಿ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಮೊಳಕಾಲ್ಮೂರಿನ ಗುಂಡುಕಲ್ಲುಗಳ ಬೆಟ್ಟ ಹತ್ತಿರ ಬಂದಾಗ, "ಆ ಬಂಡೆಯ ಸೀಳಿನಲ್ಲಿ ಒಂದು ಆಲದ ಗಿಡ ಐತೆ ನೋಡು" ಎಂದರು. "ಏಳು ವರ್ಷ ಇದೇ ದಾರೀಲಿ ಓಡಾಡಿದೀನಿ, ಕಂಡೇ ಇರಲಿಲ್ಲ." ನಾನು ನೋಡಲಿಲ್ಲ. ನನ್ನ ಕಣ್ಣು ರಸ್ತೆಯ ಮೇಲಿತ್ತು.

ಕೋಣೆಯ ಯಜಮಾನಿ ಬೀಗದ ಕೈ ಕೇಳಲೂ ಇಲ್ಲ, ಇವರು ಕೊಡಲೂ ಇಲ್ಲ. ಅಂದು ಒಂಬತ್ತು ಜನ ಬಂದಿದ್ದರು. ಮಧ್ಯಾಹ್ನ ಉಪ್ಪು ಹೆಚ್ಚಾದ ಮಂಡಕ್ಕಿಯನ್ನು ಇಬ್ಬರೂ ಚೂರೂ ಬಿಡದೆ ತಿಂದು ಮುಗಿಸಿದೆವು.

ಚಳ್ಳಕೆರೆಗೆ ಬಂದಾಗ ಸಂಜೆಯ ಬಿಸಿಲು ಓಣಿಯ ಗೋಡೆಗಳ ಮೇಲಿತ್ತು. ಮನೆಯ ಮುಂದೆ ನಿಲ್ಲಿಸಿ, ಸಿಸ್ಟರ್ ಕಲಿಸಿದ ಹಾಗೆ ಬಾಗಿಲನ್ನು ಸದ್ದಾಗದಂತೆ ತೆಗೆದು ಇಳಿದೆ. ಸುತ್ತು ಬಳಸಿ ಹೋಗಿ ಇವರ ಕೋಲು ಎತ್ತಿಕೊಟ್ಟೆ. ಇವರು ಎಡಗಡೆಯ ಬಾಗಿಲಿನಿಂದ ಮೊದಲು ಎರಡೂ ಕೈಯಲ್ಲಿ ಎತ್ತಿ ಎಡಗಾಲು, ಆಮೇಲೆ ಬಲಗಾಲು ಹೊರಗಿಟ್ಟು ಕೂತಿದ್ದರು. ಕಟ್ಟೆಯ ಮೇಲೆ ಬೆನ್ನು ಮಾಡಿ ಮೊಮ್ಮಗನಿಗೆ ಅನ್ನ ತಿನ್ನಿಸುತ್ತಿದ್ದ ತಿಪ್ಪಮ್ಮಕ್ಕ ತಿರುಗಿ ನೋಡಿದರು. ಹುಡುಗನ ಬಾಯಿ ಒರೆಸುತ್ತಲೇ ಹೇಳಿದರು:

"ಅಯ್ಯ, ಯಾವಾಗ್ ಬಂದ್ರಿ? ಗಾಡಿ ಬಂದಿದ್ದೇ ಗೊತ್ತಾಗ್ಲಿಲ್ಲ ನೋಡ್ರಿ. ಮೊದ್ಲಿನಂಗೆ ಡಾಕ್ಟ್ರೇ ಓಡಿಸ್ಕೊಂಡ್ ಬಂದ್ರೇನೋ ಅನ್ಕಂಡೆ."